ಕೊಬ್ಬಿಗೊಂದು ಉಡದಾರ

ವಿದ್ಯಾರ್ಥಿದೆಸೆಯಲ್ಲಿ ಚರ್ಚಾಸ್ಪರ್ಧೆಗಳ ಢಾಲು ಗೆದ್ದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಜಗತ್ತಿನಲ್ಲಿ ಯಾವುದನ್ನೂ ಅವರು ಸುಮ್ಮನೆ ಬಿಡಲಾರರು. ನಾನಂತೂ ಆಳಂದದ ಕಾಲೇಜಿಗೆ ಅಧ್ಯಾಪಕನಾಗಿ ಬಂದ ವರ್ಷವೇ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುತ್ತ, ಮಾತಿನ ಭರದಲ್ಲಿ, ನನ್ನ ಸೊಂಟದ ಉಡದಾರವನ್ನೇ ಕಿತ್ತು ಮೇಜಿನ ಮೇಲಿಟ್ಟೆ. "ಈ ಕರಿಯ ದಾರದಿಂದ ಒಂದಾದರೂ ಪ್ರಯೋಜನವುಂಟೆ? ಬಲ್ಲವರು ಎದ್ದು ಹೇಳಲಿ!" ಯಾರೂ ಏಳಲಿಲ್ಲ, ಚಪ್ಪಾಳೆ ಬಿತ್ತು. ಮನೆಯಲ್ಲಿ ಅವ್ವ ಮಾತ್ರ, "ಉಡದಾರ ಇಲ್ದ ಗಂಡಸಂದ್ರ ಕಟ್ಟಿ ಇಲ್ದ ಬಾವಿ ಇದ್ದಂಗಪಾ" ಎಂದಳು. ಅವಳಿಗೂ ಐದು ಅಂಶಗಳಲ್ಲಿ ಉತ್ತರ ಕೊಡತೊಡಗಿದೆ. ಎರಡನೆಯ ಅಂಶಕ್ಕೇ ಅವಳು ರೊಟ್ಟಿ ಬಡಿಯಲು ಎದ್ದುಹೋದಳು.

ಹತ್ತು ವರ್ಷಗಳಾದವು. ಆ ವೇಳೆಗೆ ನಾನು ಕಾಲೇಜಿನ ಕೆಡೆಟ್ ದಳದ ಅಧಿಕಾರಿ. ಖಾಕಿ ತೊಟ್ಟು, ಶಿಸ್ತೇ ಸಮಾಜ ಸುಧಾರಣೆಯ ಮೊದಲ ಮೆಟ್ಟಿಲು ಎಂದು ಹುಡುಗರಿಗೆ ಬೋಧಿಸುತ್ತಿದ್ದೆ. ಹೀಗಿರಲು ಮೇಲಿನಿಂದ ಒಂದು ಆದೇಶ ಬಂತು: ಸೇನೆಯ ಮಾನದಂಡದಂತೆ ಅಧಿಕಾರಿಗಳ ಕೊಬ್ಬನ್ನು ಅಳೆಯಲಾಗುವುದು, ಮಿತಿ ಮೀರಿದವರು ಸಮವಸ್ತ್ರ ಮರಳಿಸತಕ್ಕದ್ದು. ನನ್ನ ಸ್ಥಾನಕ್ಕೆ ವಾಣಿಜ್ಯಶಾಸ್ತ್ರದ ಪಾಟೀಲರು ಸಿದ್ಧರಾಗಿದ್ದರು. ಅವರು ವಾದದಲ್ಲಿ ನನ್ನನ್ನು ಎಂದೂ ಗೆದ್ದವರಲ್ಲ, ಆದರೆ ಹೊಟ್ಟೆಯನ್ನೂ ಎಂದೂ ಬೆಳೆಸಿದವರಲ್ಲ.

ಸುದ್ದಿ ಕೇಳಿ ಅವ್ವ ನಕ್ಕಳು. "ನಿನ್ನ ಕೊಬ್ಬು ಅಳಿಲಾಕ ಸರಕಾರ ಯಾಕ ಬೇಕೋ? ನನ್ನ ಕೇಳಿದ್ರ ಹೇಳ್ತಿದ್ದೆ."

"ಅದು ಮೈಯಾಗಿನ ಕೊಬ್ಬಿನ ಮಾತಬೇ, ಯವ್ವಾ."

"ಎರಡೂ ಕೂಡೇ ಬೆಳಿತಾವ ತಗೋ."

ಪರೀಕ್ಷೆಗೆ ತಿಂಗಳಿರುವಾಗ, ನಮ್ಮ ಹುಡುಗರಿಗೆ ಕವಾಯತು ಕಲಿಸುತ್ತಿದ್ದ ನಿವೃತ್ತ ಹವಾಲ್ದಾರ ಸಿದ್ರಾಮಪ್ಪನವರನ್ನು ಗುಟ್ಟಾಗಿ ಕರೆದು ಅಳೆಸಿಕೊಂಡೆ. ಅವರು ಮಾದನಹಿಪ್ಪರಗಾದವರು, ಅರವತ್ತು ದಾಟಿದರೂ ಬಾರುಕೋಲಿನಂಥ ಮೈ. ಕುತ್ತಿಗೆಗೊಮ್ಮೆ, ಸೊಂಟಕ್ಕೊಮ್ಮೆ ಟೇಪು ಸುತ್ತಬೇಕು. ಸೊಂಟದಿಂದ ಕುತ್ತಿಗೆಯನ್ನು ಕಳೆದು ಉಳಿದದ್ದರಿಂದ ಕೊಬ್ಬಿನ ಲೆಕ್ಕ. ನಾನು ಉಸಿರು ಬಿಗಿಹಿಡಿದೆ.

"ಉಸರ ಬಿಡ್ರಿ ಸಾಹೇಬ್ರ. ಟೇಪಿನ ಮುಂದ ಭಾಷಣ ನಡಿಯಂಗಿಲ್ಲ." ಬಿಟ್ಟೆ. ಮಿತಿಗಿಂತ ಎರಡು ಇಂಚು ಹೆಚ್ಚು!

ನನ್ನೊಳಗಿನ ಚರ್ಚಾಪಟು ಸೋಲೊಪ್ಪಲಿಲ್ಲ. ಸೊಂಟ ಇಳಿಯುವ ಬದಲು ಕುತ್ತಿಗೆ ದಪ್ಪವಾದರೂ ಲೆಕ್ಕ ಸರಿಹೋಗುವುದಲ್ಲವೆ ಎಂದು ಕೇಳಿದೆ.

"ಹೋಗ್ತದ್ರಿ. ಆದ್ರ ಅದು ನೊಗ ಹೊರೋ ಎತ್ತಿಗೆ ಆಗೋ ಕೆಲಸ, ಮಾಸ್ತರ್ ಮಂದಿಗಲ್ಲ" ಎಂದು ಅಂಗಿ ಎತ್ತಿ ತಮ್ಮ ಸೊಂಟದ ಕರಿದಾರ ತೋರಿಸಿದರು. "ಉಡದಾರ ಕಚ್ಚಿತಂದ್ರ ಒಂದು ರೊಟ್ಟಿ ಕಡಿಮಿ. ಸಡಲಾತಂದ್ರ ಒಂದು ಜಾಸ್ತಿ. ಪಲ್ಟಣದಾಗ ಇದ್ದಾಗಿಂದ ಇದಽ ನನ್ನ ಡಾಕ್ಟರ್ ನೋಡ್ರಿ."

ಹತ್ತು ವರ್ಷಗಳ ಹಿಂದೆ ತುಂಬಿದ ಸಭೆಗೆ ನಾನೆಸೆದ ಪ್ರಶ್ನೆಗೆ ಕೊನೆಗೂ ಉತ್ತರ ಬಂದಿತ್ತು.

ಮನೆಗೆ ಹೋಗಿ ಅವ್ವನಲ್ಲಿ ದಾರ ಬೇಡಿದೆ. ಇದು ನಂಬಿಕೆಯಲ್ಲ, ಕೇವಲ ಮಾಪನದ ಉಪಕರಣ ಎಂದು ವಿವರಿಸಿದೆ. "ಹೌದಪಾ, ಉಪಕರಣ. ಅಲಗಾಡಬ್ಯಾಡ, ನಿಂದರು" ಎಂದು ಅವಳು ಬಿಗಿಯಾಗಿ ಕಟ್ಟುತ್ತ ಬಾಯೊಳಗೇ ದೇವರನ್ನು ನೆನೆದಳು. ನಾನು ಕೇಳಿಸದವನಂತಿದ್ದೆ. ಅಂದಿನಿಂದ ಹೋಳಿಗೆಯನ್ನು ಕಂಡರೆ ನಾಲಿಗೆಗಿಂತ ಮೊದಲು ಸೊಂಟ ಮಾತಾಡುತ್ತಿತ್ತು.

ಪರೀಕ್ಷೆ ಜೇವರ್ಗಿಯಲ್ಲಿ. ಸಮವಸ್ತ್ರದ ಆಸೆ ಹೊತ್ತ ಪಾಟೀಲರೂ ಅದೇ ಬಸ್ಸಿಗೆ ಬಂದಿದ್ದರು. ಎಲ್ಲರೆದುರೇ ಡಾಕ್ಟರು ನನ್ನ ಅಂಗಿ ಎತ್ತಿಸಿದರು. "ಟೇಪು ಸರಿ ಕೂಡವಲ್ದು. ಈ ದಾರ ತಗೀರಿ."

"ಬ್ಯಾಡ್ರಿ ಡಾಕ್ಟರ್" ಎಂದರು ಪಾಟೀಲರು. "ಅವರಿಗೆ ಉಡದಾರ ಹರೀಲಾಕ ಸಭಾ ಬೇಕು, ಮೈಕ್ ಬೇಕು, ಚಪ್ಪಾಳಿ ಬೇಕು!"

ಕೋಣೆ ನಗೆಯಿಂದ ತುಂಬಿತು. ವಾದದಲ್ಲಿ ಪಾಟೀಲರು ಗೆದ್ದದ್ದು ಅದೇ ಮೊದಲು. ದಾರವನ್ನು ಮೇಲೆ ಸರಿಸಿ ಅಳೆದರು: ಮಿತಿಗಿಂತ ಅರ್ಧ ಇಂಚು ಕಡಿಮೆ. ಸಮವಸ್ತ್ರ ಉಳಿಯಿತು.

ಸಂಜೆ ಹೊಸ್ತಿಲಲ್ಲೇ ಸಾರಿದೆ: "ಯವ್ವಾ, ಕೊಬ್ಬು ಕಡಿಮಿ ಆಗ್ಯದ!"

"ಯಾವುದೋ?" ಎಂದಳು ಅವ್ವ.

ಐದು ಅಂಶಗಳ ಉತ್ತರಕ್ಕೆಂದು ದೀರ್ಘವಾಗಿ ಉಸಿರೆಳೆದುಕೊಂಡೆ. ಉಡದಾರ ಕಚ್ಚಿತು.