ಒಂದೇ ಖಾತೆಯ ನಾಲ್ಕು ಫೋನುಗಳು

ಘಟನೆಗಳು ನಡೆದ ಕ್ರಮ ಹೀಗಿದೆ: ಬೆಳಗಿನ ತಿಂಡಿಯ ಹೊತ್ತಿಗೆ ಸಂದೇಶ ಬಂತು, ಊಟದ ಹೊತ್ತಿಗೆ ಮನೆಯ ಫೋನುಗಳೆಲ್ಲ ಅಚ್ಚುಕಟ್ಟಪ್ಪನ ಮೇಲೆ ತಿರುಗಿಬಿದ್ದಿದ್ದವು, ಮೂರು ಗಂಟೆಗೆ ಕರೆ ಬಂತು.

ಅಚ್ಚುಕಟ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಎಡಗಾಲಿನ ಸಾಕ್ಸು, ಬಲಗಾಲಿನ ಸಾಕ್ಸು ಎಂದು ಬೇರೆ ಬೇರೆ ಖಾನೆಗಳಲ್ಲಿ ಇಡುವುದನ್ನು ಕಂಡ ದಿನ ಹೆಂಡತಿಯ ತಮ್ಮ ದಯಪಾಲಿಸಿದ್ದು. ಅಚ್ಚುಕಟ್ಟಪ್ಪ ಕೆಲಸಕ್ಕಿದ್ದ ಪಾತ್ರೆ ಅಂಗಡಿ ಬಾಗಿಲು ಹಾಕಿ ಎರಡು ತಿಂಗಳಾಗಿತ್ತು. ಆಸ್ಪತ್ರೆಯೊಂದರ ಬಟ್ಟೆ ಉಗ್ರಾಣವನ್ನು ಬದುಕಿಡೀ ಆಳಿ, ಇತ್ತೀಚೆಗಷ್ಟೇ ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದ ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು: "ಅಳಿಯಂದ್ರೇ, ಸ್ವಲ್ಪ ಎದ್ದು ಓಡಾಡಿ. ಕುರ್ಚಿ ಸವೀತಿದೆ."

ಆದ್ದರಿಂದಲೇ ಆ ಸಂದೇಶ ಅವನಿಗೆ ಅಮೃತದಂತಿತ್ತು. ಸಮಾರಂಭಗಳಿಗೆ ಕುರ್ಚಿ, ಮೇಜು, ಮೇಜುಬಟ್ಟೆಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಯ ಒಡತಿ ಗೋದಾಮಿನ ಮೇಲ್ವಿಚಾರಕನ ಹುದ್ದೆಗೆ ಮೂರು ಗಂಟೆಗೆ ಸಂದರ್ಶನ ನಡೆಸಲಿದ್ದರು, ವಿಡಿಯೋ ಕರೆಯಲ್ಲಿ. ಕೊನೆಗೊಂದು ಸಾಲು: ಕರೆಯ ಆ್ಯಪ್ ಕಡ್ಡಾಯವಾಗಿ ಅಪ್‌ಡೇಟ್ ಆಗಿರತಕ್ಕದ್ದು.

ಅವನು ಅಪ್‌ಡೇಟ್ ಒತ್ತಿದ. "ಜಾಗ ಸಾಲದು" ಎಂದಿತು ಫೋನು.

ಇದರ ಮೂಲ ಹಳೆಯದು. ಮನೆಗೆ ಹೊಸ ಫೋನುಗಳು ಬಂದ ದಿನ ಯಾರಿಗೂ ಅವರವರ ಪಾಸ್‌ವರ್ಡ್ ನೆನಪಿರಲಿಲ್ಲ. "ಸದ್ಯಕ್ಕೆ ನನ್ನ ಖಾತೇನೇ ಹಾಕಿರ್ತೀನಿ, ಆಮೇಲೆ ಬದಲಾಯಿಸಿದ್ರಾಯ್ತು" ಎಂದಿದ್ದ ಅಚ್ಚುಕಟ್ಟಪ್ಪ. ಆ ಆಮೇಲೆ ಇನ್ನೂ ಬಂದಿರಲಿಲ್ಲ. ಹೀಗಾಗಿ ಹೆಂಡತಿ ತೆಗೆದ ಫೋಟೋ ಅವನ ಫೋನಿಗೆ ಇಳಿಯುತ್ತಿತ್ತು. ಭಾವಮೈದುನ ಹಾಕಿಕೊಂಡ ಆಟ ಕರೆಯದೆ ಬಂದ ನೆಂಟನಂತೆ ನಾಲ್ಕೂ ಫೋನುಗಳಲ್ಲಿ ಬೀಡುಬಿಡುತ್ತಿತ್ತು.

ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದವನನ್ನು ಎದುರುಮನೆಯ ವಿಮೆ ಏಜೆಂಟ್ ಕಂಡರು. ಕಂಡಮೇಲೆ ಸಲಹೆ ಕೊಡದೆ ಹೋಗುವ ಜೀವವಲ್ಲ ಅದು.

"ಫೋಟೋ ಅಳಿಸಿ ಸಾರ್, ಫೋಟೋ! ಯಾರು ನೋಡ್ತಾರೆ ಅದನ್ನೆಲ್ಲ? ನಾನು ನನ್ನ ಮದುವೆಯದ್ದೇ ಅಳಿಸಿದೀನಿ."

ಅಚ್ಚುಕಟ್ಟಪ್ಪ ನೋಡಿದ. ಫೋಟೋಗಳ ತುಂಬ ಬರೀ ಕಿಟಕಿ ಪರದೆಗಳು: ಹೂವಿನವು, ಗೆರೆಯವು, ಝಾಲರಿಯವು. ನಿಟ್ಟುಸಿರು ಬಿಟ್ಟು ಅಷ್ಟನ್ನೂ ಅಳಿಸಿದ. ಫೋನು ಹಗುರಾಯಿತು. ಅಪ್‌ಡೇಟ್ ಒತ್ತಲು ಬೆರಳೆತ್ತಿದ್ದೇ ತಡ, ಅದೇ ಫೋನು ಹೊಡೆದುಕೊಂಡಿತು. ಪರದೆ ಅಂಗಡಿಯಲ್ಲಿ ಹೊಲಿಗೆಯ ಕೆಲಸಕ್ಕಿದ್ದ ಹೆಂಡತಿ.

"ರೀ, ನನ್ನ ಪರದೆಗಳೆಲ್ರೀ? ಗಿರಾಕಿ ಮುಂದೆ ಫೋನ್ ತೆಗೆದ್ರೆ ಒಂದು ಚಿಂದೀನೂ ಇಲ್ಲ! ಅವರು ಎದ್ದು ಹೋಗ್ತಾ ಇದಾರೆ!"

"ನಾನು ನನ್ನ ಫೋನಿಂದ ಅಳಿಸಿದ್ದು ಕಣೇ..."

"ನಿಮ್ಮ ಫೋನು ನನ್ನ ಫೋನು ಅಂತ ಬೇರೆ ಇದೆಯೇನ್ರೀ ಈ ಮನೇಲಿ? ವಾಪಸ್ ತನ್ನಿ ಮೊದಲು!"

ಫೋನಿನ ಕಸದ ಬುಟ್ಟಿಯಿಂದ ಪರದೆಗಳೆಲ್ಲ ಮೆರವಣಿಗೆಯಲ್ಲಿ ಹಿಂದಿರುಗಿದವು. ಜಾಗ ಮತ್ತೆ ಸಾಲದಾಯಿತು.

ಮುಂದಿನ ಪ್ರಯೋಗ ಆಟದ ಮೇಲೆ. ಗೂಳಿಗಳು ಕಾರು ಓಡಿಸುವ ಭಾರೀ ಆಟವೊಂದನ್ನು ತನ್ನ ಫೋನಿನಿಂದ ಕಿತ್ತುಹಾಕಿದ. ಜಾಗವೇನೋ ಸಿಕ್ಕಿತು. ಅಷ್ಟರಲ್ಲಿ ಒಳಕೋಣೆಯಿಂದ ಭಾವಮೈದುನನ ಕೇಕೆ ಕೇಳಿಸಿತು.

"ಭಾವ, ಎರಡನೇ ಭಾಗ ಬಂದಿದೆ! ಈ ಸಲ ಗೂಳಿಗಳು ವಿಮಾನ ಓಡಿಸ್ತವೆ! ಇಳಿಸ್ಕೊಂಡೇಬಿಟ್ಟೆ!"

ಅಚ್ಚುಕಟ್ಟಪ್ಪ ನೋಡುತ್ತಿದ್ದಂತೆಯೇ ಗೂಳಿಗಳು ವಿಮಾನಸಮೇತ ಅವನ ಫೋನಿನಲ್ಲೂ ಬಂದಿಳಿದವು.

ಅಡುಗೆಮನೆಯಿಂದ ಅತ್ತೆ ಬಂದರು. "ನಿಮ್ಮದು ಆಮೇಲೆ ನೋಡ್ಕೊಳ್ಳಿ. ನನ್ನದೂ ತುಂಬಿಹೋಗಿದೆ ಅಂತಿದೆ. ಮೂರು ಗಂಟೆಗೆ ನನ್ನ ತಂಗಿ ವಿಡಿಯೋದಲ್ಲಿ ಬರ್ತಾಳೆ. ಸರಿಮಾಡಿಕೊಡಿ."

ಅತ್ತೆಗೆ ಇಲ್ಲ ಎನ್ನುವ ವಿದ್ಯೆಯನ್ನು ಅವನು ಕಲಿತಿರಲಿಲ್ಲ. ಆಕೆಯ ಫೋನಿನ ತುಂಬ ಗೆಳತಿಯರು ಕಳಿಸಿದ ಶುಭೋದಯದ ಗುಲಾಬಿಗಳು. ಅವು ಯಾವ ಖಾತೆಗೂ ಸೇರದೆ ಅಲ್ಲೇ ಬಿದ್ದಿದ್ದರಿಂದ ನಿರಾತಂಕವಾಗಿ ಗುಡಿಸಿದ. ಗೂಳಿಗಳನ್ನೂ ಓಡಿಸಿದ. ಫೋನು ರಜಾದಿನದ ಶಾಲೆಯಂತೆ ಖಾಲಿಯಾಯಿತು. ಕರೆಯ ಆ್ಯಪ್ ಚಿಟಿಕೆ ಹೊಡೆಯುವುದರಲ್ಲಿ ಅಪ್‌ಡೇಟ್ ಆಯಿತು. ಆಗ ಅವನಿಗೊಂದು ಆಸೆ ಹುಟ್ಟಿತು.

"ಅತ್ತೆ, ಸಂದರ್ಶನಕ್ಕೆ ನಿಮ್ಮ ಫೋನೇ ತಗೊಳ್ಳಲಾ?"

"ಚೆನ್ನಾಗಿದೆ! ಅಳಿಯ ಅತ್ತೆ ಫೋನಲ್ಲಿ ಕೆಲಸ ಹುಡುಕಿದ ಅಂತ ಬೀದಿಯವರೆಲ್ಲ ಆಡ್ಕೊಳ್ಳಲಿ ಅಂತಲೇ? ನನ್ನ ತಂಗಿಗೆ ಏನು ಹೇಳಲಿ?" ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆ ಒಳನಡೆದರು.

ಉಳಿದದ್ದು ಒಂದೇ ದಾರಿ. ಅಚ್ಚುಕಟ್ಟಪ್ಪ ತನ್ನದೆನ್ನುವ ಸಮಸ್ತವನ್ನೂ ತ್ಯಾಗ ಮಾಡಿದ: ಹಾಡು, ಹವಾಮಾನ, ಭೂಪಟ, ಕೊನೆಗೆ ಅಲಾರಂ ಕೂಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಹಡಿಯ ಕೋಣೆಯಲ್ಲಿ ಬಿಳಿ ಗೋಡೆಗೆ ಬೆನ್ನುಕೊಟ್ಟು ಕುಳಿತ. ಅಪ್‌ಡೇಟ್ ಆರಂಭವಾಯಿತು. ಪರದೆಯ ಮೇಲಿನ ಚಕ್ರ ತುಂಬು ಬಸುರಿಯ ನಡಿಗೆಯಲ್ಲಿ ತಿರುಗತೊಡಗಿತು.

ಮೂರು ಗಂಟೆ. ಅವನ ಫೋನು ಮೌನವಾಗಿತ್ತು. ಅಡುಗೆಮನೆಯಲ್ಲಿ ಫೋನೊಂದು ಹೊಡೆದುಕೊಂಡಿತು. ಕರೆ ಬಂದದ್ದು ಖಾತೆಗೆ. ಆ್ಯಪ್ ಅಪ್‌ಡೇಟ್ ಆಗಿ ಅದನ್ನು ಎತ್ತಿಕೊಳ್ಳುವ ಸ್ಥಿತಿಯಲ್ಲಿದ್ದುದು ಒಂದೇ ಫೋನು; ತಂಗಿಯೆಂದುಕೊಂಡು ಅತ್ತೆ ಎತ್ತಿದ್ದರು. ಅವನು ಮೆಟ್ಟಿಲು ಹಾರಿ ಇಳಿಯುವಷ್ಟರಲ್ಲಿ ಮಾತು ಬಹಳ ದೂರ ಸಾಗಿತ್ತು.

"ಅಳಿಯಂದ್ರು ಬರ್ತಾರೆ, ಅಲ್ಲೀವರೆಗೆ ನೀವು ಒಂದು ಹೇಳಿ," ಎನ್ನುತ್ತಿದ್ದರು ಅತ್ತೆ. "ನಿಮ್ಮ ಬೆನ್ನಹಿಂದೆ ಕಾಣ್ತಿದೆಯಲ್ಲ, ಒಣಗಿದ ಬಟ್ಟೆ ಮೇಲೆ ಒದ್ದೆ ಬಟ್ಟೆ ಒಟ್ಟಿದಾರಲ್ಲ, ಯಾರಮ್ಮಾ ಅದು?"

ಒಡತಿ ತಿರುಗಿ ನೋಡಿದರು. "ಅಯ್ಯೋ, ಹೌದಲ್ಲ! ಅದಕ್ಕೇ ಕಲೆ ಬೀಳ್ತಿದೆಯಾ?"

"ಮತ್ತೆ? ಹಳೇದು ಮುಂದಿರಬೇಕು, ಹೊಸದು ಹಿಂದೆ. ಹರಿದದ್ದು ಅವತ್ತೇ ಆಚೆ. ಆಸ್ಪತ್ರೇಲಿ ನನ್ನ ಉಗ್ರಾಣದಲ್ಲಿ ಒಂದು ದಿಂಬಿನ ಚೀಲಾನೂ ಲೆಕ್ಕ ತಪ್ಪಿದ್ದಿಲ್ಲ."

ಅಚ್ಚುಕಟ್ಟಪ್ಪ ಏದುಸಿರು ಬಿಡುತ್ತ ಕ್ಯಾಮರಾದೊಳಗೆ ಮುಖ ತೂರಿಸಿದ. "ನಮಸ್ಕಾರ ಮೇಡಂ, ಅಭ್ಯರ್ಥಿ ನಾನು!"

"ಓ, ನೀವಾ? ಒಂದೇ ಪ್ರಶ್ನೆ. ಜಾಗ ಸಾಲದೆ ಹೋದಾಗ ಏನು ಮಾಡ್ತೀರಿ?"

ಬೆಳಗಿನಿಂದ ಅದನ್ನೇ ಮಾಡಿ ದಣಿದಿದ್ದ ಬಾಯಿ ಬುದ್ಧಿಯನ್ನು ಕೇಳದೆ ಉತ್ತರಿಸಿತು: "ಎಲ್ಲ ತೆಗೆದುಹಾಕ್ತೀನಿ ಮೇಡಂ."

"ಆಮೇಲೆ?"

"ಬೈಸ್ಕೊಂಡು ವಾಪಸ್ ಇಡ್ತೀನಿ."

ಒಡತಿ ಅವನ ಭುಜದಾಚೆ ನೋಡುತ್ತ ಕೇಳಿದರು: "ಅಮ್ಮಾ, ನೀವು ಸೋಮವಾರದಿಂದ ಬರೋಕಾಗುತ್ತಾ?"

ಸಂಜೆ ಎದುರುಮನೆಯ ಏಜೆಂಟ್ ಅತ್ತೆಗೊಂದು ಹೊಸ ಪಾಲಿಸಿ ಮಾಡಿಸಲು ಬಂದರು. ಹೆಂಡತಿ ತಾಯಿಯನ್ನು ತಬ್ಬಿಕೊಂಡಳು. ಅತ್ತೆ ಫೋನನ್ನು ಅಳಿಯನ ಕೈಗಿಟ್ಟರು. "ಆಫೀಸಿನವರು ಒಂದು ಆ್ಯಪ್ ಕಳಿಸಿದಾರಂತೆ, ಹಾಕಿಕೊಡಿ. ಮನೇಲೇ ಇರ್ತೀರಲ್ಲ, ಇನ್ನು ನನ್ನ ಅಪ್‌ಡೇಟು ಗಿಪ್‌ಡೇಟು ನಿಮ್ಮದೇ ಜವಾಬ್ದಾರಿ."

ಅವನು ಹಾಕಿಕೊಟ್ಟ. ಮರುಕ್ಷಣವೇ ಗೋದಾಮಿನ ಆ್ಯಪ್ ಅವನ ಫೋನಿನಲ್ಲೂ ಇಳಿಯತೊಡಗಿ, ಅರ್ಧದಲ್ಲಿ ನಿಂತು, "ಜಾಗ ಸಾಲದು" ಎಂದಿತು.

ಇದರಿಂದ ತಿಳಿದುಬಂದದ್ದು: ಒಂದೇ ಖಾತೆಯಲ್ಲಿ ನಾಲ್ಕು ಫೋನುಗಳಿರುವಾಗ, ಕೆಲಸ ಸಿಗುವುದು ಜಾಗ ಖಾಲಿಯಿರುವ ಫೋನಿಗೆ, ಖಾಲಿ ಮಾಡಿಕೊಟ್ಟವನಿಗಲ್ಲ.