ಹತ್ತನೆಯ ಕೇಳುಗ

ಗಿರಣಿಯವರ ಮಗ ಬೆಳಿಗ್ಗೆ ಏಳೂವರೆಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, ಅಪ್ಪನಿಗೆ ಒಂದು ಸುಳ್ಳು ಹೇಳಿದ. ದೊಡ್ಡದೇನಲ್ಲ. "ಹೊರಗಿನವರನ್ನ ಒಳಗೆ ಬಿಡಲ್ಲ ಅಪ್ಪ." ಅಷ್ಟೇ.

ಅಂದು ಮಧ್ಯಾಹ್ನ ಮೂರಕ್ಕೆ ವಿಶ್ವವಿದ್ಯಾಲಯದಲ್ಲಿ ಅವನ ಆನರ್ಸ್ ಪ್ರಬಂಧದ ಮಂಡನೆ. ಉಳಿದವರಿಗಿಂತ ಎಂಟು ಪೇಪರು ಹೆಚ್ಚಿಗೆ ಬರೆದು, ಒಂದರಲ್ಲೂ ಮೊದಲ ದರ್ಜೆಯಿಂದ ಕೆಳಗಿಳಿಯದೆ, ಎಂಬತ್ತು ಪುಟದ ಪ್ರಬಂಧ ಮುಗಿಸಿ, ಕಡೆಗೆ ಹತ್ತು ಜನ ಕೇಳುಗರ ಮುಂದೆ ಅದನ್ನು ವಿವರಿಸಿದರೆ ಆನರ್ಸ್ ಪದವಿ. ಅದು ಸಿಕ್ಕರೆ ಎಂ.ಎ.ಗೆ ನೇರವಾಗಿ ಸೀಟು. ತಪ್ಪಿದರೆ ಇಷ್ಟು ದಿನದ ಒದ್ದಾಟವೆಲ್ಲ ಮಣ್ಣುಪಾಲು.

ಅಪ್ಪ ಆಗಲೇ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದರು. "ಹೌದಾ? ರೂಲ್ಸು ಅಂದ್ಮೇಲೆ ಮುಗೀತು ಬಿಡು" ಎಂದು ಅದನ್ನು ತಿರುಗಿ ಬೀರುವಿನಲ್ಲಿಟ್ಟು ಗಿರಣಿಗೆ ಹೊರಟರು.

ಮಗನಿಗೆ ಅಪ್ಪನ ಮೇಲೆ ಸಿಟ್ಟೇನೂ ಇರಲಿಲ್ಲ. ತಕರಾರಿದ್ದದ್ದು ಅವರ ಗಂಟಲಿನ ಬಗ್ಗೆ. ಮೂವತ್ತು ವರ್ಷ ಹಿಟ್ಟಿನ ಗಿರಣಿಯ ಗಡಗಡದ ನಡುವೆ ಕೂಗಿ ಕೂಗಿ ಅವರ ಕಿವಿ ಮಂದವಾಗಿತ್ತು, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ಹುಬ್ಬಿನ ಮೇಲೆ ಸದಾ ಹಿಟ್ಟು. ಕಾಲೇಜಿನಲ್ಲಿ ಮಗ ತಂದೆಯ ಉದ್ಯೋಗ "ಆಹಾರ ಸಂಸ್ಕರಣೆ" ಎಂದು ಹೇಳಿಕೊಂಡು ಓಡಾಡುತ್ತಿದ್ದ. ಪ್ರಬಂಧವಾದರೋ "ಸಾಲಿನಲ್ಲಿ ನಿಲ್ಲುವವರ ನಡವಳಿಕೆ" ಎಂಬ ವಿಷಯದ ಮೇಲೆ. ಹತ್ತು ತಿಂಗಳು ಆ ಗಿರಣಿಯ ಮುಂದಿನ ಸಾಲನ್ನೇ ನೋಡಿ ಬರೆದದ್ದು. ಯಾರು ಯಾಕೆ ನಡುವೆ ನುಗ್ಗುತ್ತಾರೆ ಎಂದು ಅಪ್ಪನೇ ಬಿಡಿಸಿ ಹೇಳಿದ್ದು. ಪ್ರಬಂಧದಲ್ಲಿ ಮಾತ್ರ ಅದು "ಒಂದು ಸಣ್ಣ ಉದ್ದಿಮೆ". ಆಮೇಲೆ ಅದನ್ನು ನೆನೆದು ಅವನು ಎಷ್ಟು ಕೈ ಹಿಸುಕಿಕೊಂಡನೋ, ಆದರೆ ಅದು ಆಮೇಲಿನ ಮಾತು.

ಎರಡು ಗಂಟೆಗೆ ವಿಭಾಗದ ಗುಮಾಸ್ತರು ದಪ್ಪ ರಿಜಿಸ್ಟರೊಂದನ್ನು ಅವನ ಮುಂದಿಟ್ಟರು. ಕೇಳುಗರ ಹೆಸರು, ಕಸುಬು, ವಿದ್ಯಾರ್ಥಿಯೊಂದಿಗೆ ಸಂಬಂಧ, ಸಹಿ. ಹತ್ತು ಸಾಲೂ ತುಂಬಬೇಕು. ಸಂಬಂಧ ಯಾಕೆ ಬೇಕು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಸಹಪಾಠಿ ಉತ್ತರ ಕೊಟ್ಟೇಬಿಟ್ಟ. ಯಾರೂ ಕೇಳದಿದ್ದರೂ ಸಲಹೆ ಕೊಡುವ ಅವನನ್ನು ಎಲ್ಲರೂ ಲಾಯರ್ ಎಂದೇ ಕರೆಯುತ್ತಿದ್ದರು.

"ಮನೆಯವರು ಲೆಕ್ಕಕ್ಕಿಲ್ಲ ಕಣೋ. ಚಪ್ಪಾಳೆ ಹೊಡಿಯೋಕೆ ಮನೆಮಂದೀನೆಲ್ಲ ಎಳ್ಕೊಂಡು ಬರ್ತಾರೆ ಅಂತಾನೇ ಆ ಕಾಲಮ್ ಇಟ್ಟಿರೋದು."

ನಿಯಮಗಳ ಪುಸ್ತಿಕೆ ಚೀಲದಲ್ಲೇ ಇತ್ತು. ತೆಗೆದು ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಲಾಯರ್ ಅಷ್ಟು ಖಡಾಖಂಡಿತವಾಗಿ ಹೇಳುವಾಗ ನೋಡುವುದೇನು ಎಂದುಕೊಂಡ.

ಆಮೇಲೆ ಶುರುವಾಯಿತು ಜನ ಹಿಡಿಯುವ ಕೆಲಸ. ಲಾಯರ್ ಒಬ್ಬ. ಗ್ರಂಥಾಲಯದ ಅಟೆಂಡರ್, ಜೆರಾಕ್ಸ್ ಅಂಗಡಿಯವರು, ತೋಟದ ಮಾಲಿ ಒಲ್ಲದ ಮನಸ್ಸಿನಿಂದ ಬಂದರು. ಬಿಸ್ಕತ್ತು ಕೊಡುತ್ತಾರೆಂಬ ಗಾಳಿಸುದ್ದಿ ನಂಬಿ ಮೊದಲ ವರ್ಷದ ಮೂವರು ಹುಡುಗಿಯರು ಬಂದರು. ಸಭಾಂಗಣದ ಫ್ಯಾನ್ ರಿಪೇರಿ ಮಾಡುತ್ತಿದ್ದ ಎಲೆಕ್ಟ್ರಿಷಿಯನ್, ಏಣಿ ಇಳಿಯುವುದಿಲ್ಲ, ಅಲ್ಲಿಂದಲೇ ಕೇಳುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿದ. ಫೀಸು ಕಟ್ಟುವ ಕೌಂಟರ್ ಹುಡುಕುತ್ತಾ ದಾರಿ ತಪ್ಪಿದ್ದ ಹಿರಿಯರೊಬ್ಬರನ್ನೂ ಕೂರಿಸಿಯಾಯಿತು. ಹತ್ತನೆಯವರು ಕ್ಯಾಂಟೀನಿನ ಅಡುಗೆಯವರು. ಮೂರಕ್ಕೆ ಕಾಲು ಗಂಟೆ ಇರುವಾಗ ಅವರು ದಡಕ್ಕನೆ ಎದ್ದು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಓಡಿಯೇಬಿಟ್ಟರು. ಉಳಿದವರು ಒಂಬತ್ತು.

ಗಿರಣಿಯವರ ಮಗ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಓಡಿದ, ಒಬ್ಬರೂ ಸಿಗಲಿಲ್ಲ. ಬೇರೆ ದಾರಿ ಕಾಣದೆ ಅಪ್ಪನಿಗೆ ಫೋನು ಮಾಡಿದ.

ಹನ್ನೆರಡೇ ನಿಮಿಷದಲ್ಲಿ ಅಪ್ಪ ಬಂದರು. ಸಾಲಿನಲ್ಲಿದ್ದವರನ್ನು ಹಾಗೇ ನಿಲ್ಲಿಸಿ, ಹಿಟ್ಟು ಮೆತ್ತಿದ ಅಂಗಿಯಲ್ಲೇ, ಏದುಸಿರು ಬಿಡುತ್ತಾ. ಮಗ ಮೆಟ್ಟಿಲಲ್ಲೇ ಅಡ್ಡಗಟ್ಟಿ ಕಿವಿಯ ಹತ್ತಿರ ಹೇಳಿದ.

"ನನ್ನ ಅಪ್ಪ ಅಂತ ಹೇಳ್ಬೇಡಿ. ಗೊತ್ತಾದ್ರೆ ಆನರ್ಸ್ ಹೋಗತ್ತೆ. ಸಂಬಂಧ ಇಲ್ಲ ಅನ್ನಿ."

ಅಪ್ಪ ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. "ಯಾರು ಕೇಳಿದ್ರೂ?"

"ಯಾರು ಕೇಳಿದ್ರೂ."

"ಆಯ್ತು" ಎಂದು ಒಳಗೆ ಹೋಗಿ, ಸಂಬಂಧದ ಕಾಲಮ್ಮಿನಲ್ಲಿ ದುಂಡಗೆ "ಏನೂ ಇಲ್ಲ" ಎಂದು ಬರೆದು ಕಡೆಯ ಸಾಲಿನಲ್ಲಿ ಕುಳಿತರು.

ಮಂಡನೆ ಚೆನ್ನಾಗಿಯೇ ನಡೆಯಿತು. ಕೊನೆಗೆ ಪರೀಕ್ಷಕರು ಮೈಕಿನಲ್ಲಿ, ಸಾಲಿನ ನಡುವೆ ನುಗ್ಗುವವರ ಕೈಯಲ್ಲಿ ಹೆಚ್ಚಾಗಿ ಸಣ್ಣ ಚೀಲವೇ ಇರುವುದು ಯಾಕೆ ಎಂದು ಕೇಳಿದಾಗ ಮಾತ್ರ ಮಗನ ನಾಲಿಗೆ ಕಟ್ಟಿಹೋಯಿತು. ಗೊತ್ತಿದ್ದದ್ದೇ, ಬಾಯಿಗೆ ಬರಲೊಲ್ಲದು. ಕಡೆಯ ಸಾಲಿನಲ್ಲಿ ಒಂದು ಕೈ ಎದ್ದಿತು.

"ನಾನು ಈ ಹುಡುಗನಿಗೆ ಏನೂ ಆಗ್ಬೇಕಾಗಿಲ್ಲ!" ಆ ದನಿಗೆ ಎಲೆಕ್ಟ್ರಿಷಿಯನ್ ಏಣಿಯನ್ನು ತಬ್ಬಿಕೊಂಡ. "ಆದ್ರೂ ಹೇಳ್ತೀನಿ. ಸಣ್ಣ ಚೀಲದವನು, ನಂದು ಇಷ್ಟೇ ಅಲ್ವಾ ಅಂತ ನುಗ್ತಾನೆ. ಮೂಟೆ ತಂದವನಿಗೆ ಹಾಗನ್ನೋಕೆ ಮುಖ ಇರಲ್ಲ. ಹುಡುಗನಿಗೆ ಇದೆಲ್ಲ ಗೊತ್ತು, ಗಾಬರಿಗೆ ಮರ್ತಿದ್ದಾನೆ. ಯಾರ ಮಗನೋ ಏನೋ, ಬಹಳ ಕಷ್ಟಪಟ್ಟು ಓದಿದ್ದಾನೆ."

ಎಲ್ಲರೂ ನಕ್ಕರು. ಪರೀಕ್ಷಕರು ತಲೆದೂಗಿದರು. ಮಗನೂ ನಕ್ಕ. ಮುಗಿದ ಕೂಡಲೇ ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗಿ ಕ್ಷಮೆ ಕೇಳಬೇಕು ಅಂದುಕೊಂಡ.

ಆನರ್ಸ್ ವಿಭಾಗದ ಮುಖ್ಯಸ್ಥೆ ರಿಜಿಸ್ಟರು ಎಳೆದುಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದರು. "ನಿಮ್ಮ ಮನೆಯಿಂದ ಯಾರೂ ಬಂದಿಲ್ವಾ?"

"ಒಬ್ಬರೂ ಇಲ್ಲ ಮೇಡಂ" ಎಂದ, ಎದೆಯುಬ್ಬಿಸಿ.

ಅವರು ಕನ್ನಡಕ ತೆಗೆದರು. ಪುಸ್ತಿಕೆಯ ಕೊನೆಯ ಪುಟ ತೆರೆದು ಅವನ ಮುಂದೆ ಹಿಡಿದರು. ಹತ್ತು ಕೇಳುಗರಲ್ಲಿ ಒಬ್ಬರಾದರೂ ವಿದ್ಯಾರ್ಥಿಯ ಮನೆಯವರಾಗಿರತಕ್ಕದ್ದು.

"ಓದಿದ್ದನ್ನ ಮನೆಯವರಿಗೆ ತಿಳಿಯೋ ಹಾಗೆ ಹೇಳೋಕೆ ಬರ್ಬೇಕು. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡೋದು? ಇವತ್ತೇ ಕೊನೆಯ ದಿನ. ಇನ್ನು ಮುಂದಿನ ವರ್ಷವೇ."

ಲಾಯರ್‌ಗೆ ಆ ಕ್ಷಣವೇ ಏನೋ ತುರ್ತು ಕೆಲಸ ನೆನಪಾಗಿ ಜಾಗ ಖಾಲಿ ಮಾಡಿದ.

ಮಗ ಬಾಗಿಲ ಕಡೆ ಹೊರಟಿದ್ದವರತ್ತ ಬೆರಳು ತೋರಿಸಿದ. "ಅವರೇ ಮೇಡಂ. ಅವರೇ ನಮ್ಮಪ್ಪ. ನಾನೇ ಹಾಗೆ ಬರೆಸಿದ್ದು."

ಮುಖ್ಯಸ್ಥೆ ಕೆಟ್ಟವರಲ್ಲ. ನಿಮ್ಮ ತಂದೆಯೇ ಬಾಯಿಬಿಟ್ಟು ಹೌದು ಅಂದರೆ ಕೆಳಗೆ ಷರಾ ಬರೆದು ಸರಿಮಾಡುತ್ತೇನೆ, ನೀವು ಮಾತ್ರ ನಡುವೆ ತುಟಿ ಎರಡು ಮಾಡಬೇಡಿ ಎಂದರು. ಆಮೇಲೆ ದನಿ ಏರಿಸಿ ಕರೆದರು.

"ಯಜಮಾನ್ರೇ, ಈ ಹುಡುಗ ನಿಮ್ಮ ಮಗನಾ?"

ಅಪ್ಪ ಬಾಗಿಲಲ್ಲಿ ತಿರುಗಿ ನಿಂತರು. ಇಲ್ಲಿ ನಡೆದ ಮಾತು ಆ ಕಿವಿಗೆ ಎಲ್ಲಿ ಬೀಳಬೇಕು? ಮಗನನ್ನು ನೋಡಿದರು. ಮಗ ಕಣ್ಣಲ್ಲಿ ನೀರು ತುಂಬಿಕೊಂಡು, ಹೌದು ಅನ್ನಿ ಅಪ್ಪ, ಹೌದು ಅನ್ನಿ ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದ. ಪಾಪ, ಹೆದರಿಕೊಂಡಿದ್ದಾನೆ ಎಂದುಕೊಂಡರೋ ಏನೋ, ಅಪ್ಪ ಅವನಿಗೆ ಧೈರ್ಯ ಬರುವಂತೆ ಒಮ್ಮೆ ಸಣ್ಣಗೆ ತಲೆಯಾಡಿಸಿದರು.

"ಅಯ್ಯೋ, ಎಲ್ಲಿಯ ಮಾತಮ್ಮ" ಎಂದರು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. "ನಮ್ಮಂಥವರಿಗೆ ಇಂಥ ಮಗ ಹುಟ್ತಾನಾ?"

ಅಷ್ಟು ಹೇಳಿ, ಕೊಟ್ಟ ಮಾತು ಉಳಿಸಿಕೊಂಡ ನೆಮ್ಮದಿಯಲ್ಲಿ, ಗಿರಣಿಗೆ ಹೊತ್ತಾಯಿತೆಂದು ಸರಸರನೆ ಮೆಟ್ಟಿಲಿಳಿದು ಹೋದರು.