ಪುರಾವೆ ಇಲ್ಲದೆ ಸಹಿ ಇಲ್ಲ

ನನ್ನ ಅಜ್ಜ ಧಾರವಾಡದ ಕಡೆಯಿಂದ ಪುಣೆ ಕ್ಯಾಂಪಿಗೆ ಬಂದು ಅರಿವೆ ಅಂಗಡಿ ಇಟ್ಟವರು. ಅವರು ಅಳೆದು ಕೊಟ್ಟ ಬಟ್ಟೆಯನ್ನು ಮನೆಗೆ ಹೋಗಿ ಮತ್ತೆ ಅಳೆದು ನೋಡಿದ ಗಿರಾಕಿ ಇರಲಿಲ್ಲ. ತಂದೆ ಕೋರ್ಟಿನಲ್ಲಿ ಹೆಡ್ ಕ್ಲರ್ಕ್. ಅವರ ಸಹಿ ಇದ್ದ ಕಾಗದವನ್ನು ಸಾಹೇಬರು ಎರಡನೇ ಸಲ ಓದುತ್ತಿರಲಿಲ್ಲ ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್‌ಗಳು ಉಗುರು, ರಿಬ್ಬನ್, ಮನಸ್ಸಾಕ್ಷಿ ಮೂರನ್ನೂ ದಿನಾ ಬೆಳಿಗ್ಗೆ ತಪಾಸಣೆ ಮಾಡುತ್ತಿದ್ದರು. ಇಂಥ ಹಿನ್ನೆಲೆಯವಳಿಗೆ ಮುಂದೆ ಹೇಳುವಂಥ ಪ್ರಸಂಗಗಳು ಯಾಕೆ ಗಂಟು ಬೀಳುತ್ತವೆಯೋ ನನಗೆ ತಿಳಿಯದು. ಒಂದರ ವಿಚಾರಣೆ ಮುಗಿಸಿ ಚಹಾದ ಕಪ್ಪು ಎತ್ತುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಶಿವಾಜಿನಗರದಲ್ಲಿ ಕನ್ನಡಿಗರೇ ನಡೆಸುವ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿಗೆ ನಾನು ಇಪ್ಪತ್ತೆರಡು ವರ್ಷಗಳಿಂದ ರೆಕ್ಟರ್. ವಾರ್ಡನ್‌ಗೆ ಪುಣೆಯಲ್ಲಿ ಹಾಗೆನ್ನುತ್ತಾರೆ. ಈ ವರ್ಷ ಕಾಲೇಜಿನವರು 'ವ್ಯಕ್ತಿತ್ವ ವಿಕಾಸ ಡೈರಿ' ಅಂತ ಒಂದು ಹೊಸ ಪದ್ಧತಿ ತಂದರು. ಪ್ರತಿ ಶನಿವಾರ ಪ್ರತಿ ಹುಡುಗಿಯೂ ಆ ವಾರ ತಾನು ಹೊಸದಾಗಿ ಕಲಿತದ್ದನ್ನು ಒಂದು ಪುಟ ಬರೆಯಬೇಕು. ಅದು ನಿಜವೆಂದು ರೆಕ್ಟರ್ ಸಹಿ ಹಾಕಬೇಕು. ಸಹಿ ಇಲ್ಲದ ಪುಟವಿದ್ದರೆ ಮುಂದಿನ ವರ್ಷ ಹಾಸ್ಟೆಲಿನಲ್ಲಿ ಜಾಗ ಇಲ್ಲ.

ಡೈರಿಯ ಉಸ್ತುವಾರಿಯ ಪ್ರಾಧ್ಯಾಪಕರಿಗೆ ಸಂಯೋಜಕರು ಎಂದು ಹೆಸರು. ಅವರು ಮೊದಲ ದಿನವೇ ನನಗೆ ಹೇಳಿದರು: "ಮೇಡಂ, ಸುಮ್ಮನೆ ಸಹಿ ಹಾಕಿ ಕಳಿಸಿಬಿಡಿ. ಇದೆಲ್ಲಾ ಫಾರ್ಮಾಲಿಟಿ."

ಸುಮ್ಮನೆ ಸಹಿ ಹಾಕುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ.

೧. ರೊಟ್ಟಿ

ಮೊದಲ ಶನಿವಾರವೇ ಒಬ್ಬಳು ಬರೆದಳು: 'ಜೋಳದ ರೊಟ್ಟಿ ಬಡಿಯಲು ಕಲಿತೆ.' ಈ ಹುಡುಗಿ ಬೇಸಿನ್ನಿನಲ್ಲಿ ತನ್ನ ಚಹಾದ ಲೋಟ ತೊಳೆದದ್ದನ್ನೂ ನಾನು ಕಂಡವಳಲ್ಲ. ಪುರಾವೆ ಬೇಕು ಎಂದೆ. ಅಡುಗೆಮನೆಯಿಂದ ಹಿಟ್ಟು, ಅದನ್ನು ನಾದುವ ಕೊಣಮಿಗೆ, ಹಂಚು ತರಿಸಿ ಅಂಗಳದಲ್ಲಿ ಒಲೆ ಹಚ್ಚಿಸಿದೆ. ಇಡೀ ಹಾಸ್ಟೆಲ್ ಸುತ್ತ ನಿಂತಿತು.

ಹುಡುಗಿ ಹಿಟ್ಟು ನಾದಿದಳು, ಬಡಿದಳು. ರೊಟ್ಟಿ ಒಂದು ಕಡೆ ಉದ್ದ ಬೆಳೆಯಿತು, ಇನ್ನೊಂದು ಕಡೆ ಹರಿಯಿತು, ಎತ್ತುವಾಗ ಮೂರಾಯಿತು. ಮೂರನ್ನೂ ಹಂಚಿನ ಮೇಲೆ ಹಾಕಿ ನನ್ನ ಮುಖ ನೋಡಿದಳು.

"ಇದು ರೊಟ್ಟಿಯಾ?" ಎಂದೆ.

"ಹೌದ್ರಿ ಮೇಡಂ. ಬಡಿಯಾಕ ಕಲತೆ ಅಂತ ಬರದೀನ್ರಿ. ದುಂಡಗ ಅಂತ ಎಲ್ಲಿ ಬರದೀನಿ, ತೋರಸ್ರಿ."

ಡೈರಿ ತೆಗೆದು ಎರಡು ಸಲ ಓದಿದೆ. ಎಲ್ಲಿಯೂ ಬರೆದಿರಲಿಲ್ಲ. ಸಹಿ ಹಾಕಿದೆ.

೨. ಟ್ಯಾಂಕಿನ ಹಿಂದಿನ ಮಾತು

ಬೆಂಗಳೂರಿನಿಂದ ಬಂದ ಒಬ್ಬಳು ಬಾಯಿ ಸತ್ತ ಹುಡುಗಿ. ಬಂದಾಗ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಅವಳು ಬರೆದದ್ದು: 'ಅಪರಿಚಿತರ ಜೊತೆ ಧೈರ್ಯವಾಗಿ ಮಾತನಾಡಲು ಕಲಿಯುತ್ತಿದ್ದೇನೆ.' ಯಾವ ಅಪರಿಚಿತರು? ನನಗೆ ಅಲ್ಲೇ ಅನುಮಾನ ಬಂತು. ದಿನಾ ಸಂಜೆ ಐದೂವರೆಗೆ ಅವಳು ಒಬ್ಬಳೇ ಟೆರೇಸಿಗೆ ಹೋಗುವುದನ್ನೂ ಗುರುತು ಹಾಕಿಕೊಂಡಿದ್ದೆ.

ಒಂದು ಸಂಜೆ ಚಪ್ಪಲಿ ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿದೆ. ನೀರಿನ ಟ್ಯಾಂಕಿನ ಹಿಂದಿನಿಂದ ಹುಡುಗಿಯ ದನಿ. ತೊದಲು ಮರಾಠಿಯಲ್ಲಿ ಒಮ್ಮೆ ಬೇಡಿಕೊಳ್ಳುತ್ತಾಳೆ, ಒಮ್ಮೆ ಗದರಿಸುತ್ತಾಳೆ. "ಹಾಗಾದರೆ ಹೋಗು, ನನಗೆ ಬೇರೆಯವರು ಸಿಗುತ್ತಾರೆ!" ಎಂದಳು. ಇವಳ ತಂದೆಗೆ ಏನು ಹೇಳಲಿ ಎಂದುಕೊಳ್ಳುತ್ತ ಒಮ್ಮೆಲೇ ಆ ಕಡೆ ಕಾಲಿಟ್ಟೆ. ಫೋನಿಲ್ಲ, ಹುಡುಗನಿಲ್ಲ. ಹುಡುಗಿ ಟ್ಯಾಂಕಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ.

"ಯಾರ ಜೊತೆ ಮಾತು?"

"ರಿಕ್ಷಾದವನ ಜೊತೆ ಮೇಡಂ. ಪ್ರಾಕ್ಟೀಸ್ ಮಾಡ್ತಿದೀನಿ. ನಾನು ಕೇಳಿದ್ರೆ ಯಾರೂ ಬರಲ್ಲ, ಅದಕ್ಕೆ."

"ಮತ್ತೆ ಟ್ಯಾಂಕ್ ಏನಂತು?"

ಅವಳು ತಲೆ ತಗ್ಗಿಸಿದಳು. "ಅದೂ ಆ ಕಡೆ ಬರಲ್ಲ ಅಂತು ಮೇಡಂ."

೩. ಜೇಜುರಿಯ ಅರಿಶಿಣ

ಪುಣೆಯ ಹತ್ತಿರದ ಜೇಜುರಿಯಲ್ಲಿ ಖಂಡೋಬನಿಗೆ ಅರಿಶಿಣದ ಭಂಡಾರ ತೂರುತ್ತಾರೆ. ಬೆಟ್ಟ ಹತ್ತಿ ಇಳಿದವರ ತಲೆ, ಬಟ್ಟೆ, ಕಿವಿಯ ಹಿಂದೆ ಎಲ್ಲಾ ಹಳದಿ. ಮೂರು ದಿನ ತಿಕ್ಕಿದರೂ ಕಿವಿ ಬಿಡುವುದಿಲ್ಲ. ಹಾಗಾಗಿ ಜೇಜುರಿಗೆ ರಜೆ ಕೇಳಿದವರ ಕಿವಿ ನೋಡುವುದು ನನ್ನ ಹಳೆಯ ಕ್ರಮ.

ಇಬ್ಬರು ಗೆಳತಿಯರು ಭಾನುವಾರ ರಜೆ ಕೇಳಿದರು. ಕರ್ನಾಟಕದಿಂದ ಬರುವ ಭಕ್ತರನ್ನು ಮಾತಾಡಿಸಿ ಡೈರಿಗೆ ಬರೆಯುತ್ತೇವೆ ಎಂದರು. ಸಂಜೆ ಬಂದರು. ಕಿವಿ ಹಳದಿ, ಕೂದಲು ಹಳದಿ, ರೆಪ್ಪೆ ಕೂಡ ಹಳದಿ. ಇಷ್ಟು ಭಕ್ತಿಯನ್ನು ನಾನು ಹಿಂದೆ ಕಂಡಿರಲಿಲ್ಲ. ಅಲ್ಲೇ ಸಹಿ ಹಾಕಿದೆ.

ಅರ್ಧ ಗಂಟೆಯಲ್ಲಿ ಅಡುಗೆಯಾಕೆ ಸೆರಗಿಗೆ ಕೈ ಒರೆಸುತ್ತ ಆಫೀಸಿಗೆ ಬಂದಳು. "ಅಕ್ಕಾರ, ಇವತ್ತ ಸಾರು ಬೆಳ್ಳಗ ಆಗತದ್ರಿ. ಡಬ್ಬಿಯೊಳಗಿನ ಅರಿಶಿಣ ಯಾರೋ ಬಳಕೊಂಡು ಹೋಗ್ಯಾರ."

ಇಬ್ಬರನ್ನೂ ಕರೆಸಿ ಮೂಸಿ ನೋಡಿದೆ. ಇಂಗಿನ ವಾಸನೆ. ಖಂಡೋಬನ ಭಂಡಾರಕ್ಕೆ ಇಂಗು ಹಾಕುವುದಿಲ್ಲ. ಕ್ಯಾಂಪಿನಲ್ಲಿ ಸಿನೆಮಾ ನೋಡಿ ಬಂದಿದ್ದರು. ಹೊಸದಾಗಿ ಕಲಿತದ್ದೇನು ಎಂದು ಈಗ ಸರಿಯಾಗಿ ಬರೆಯಿರಿ ಎಂದೆ. ಒಬ್ಬಳು ಬರೆದಳು: 'ಅಡುಗೆಮನೆಯ ಅರಿಶಿಣದ ಚಮಚವನ್ನೇ ಇಂಗಿಗೂ ಬಳಸುತ್ತಾರೆಂದು ತಿಳಿಯಿತು.'

೪. ಹೆಸರು ಹೇಳದ ವಿದ್ಯಾರ್ಥಿನಿ

ಅದಾದ ಮೇಲೆ ನಾನು ಇನ್ನೂ ಬಿಗಿಯಾದೆ. ಆಗಲೇ ಯಾದಗಿರಿ ಕಡೆಯ ಒಬ್ಬ ಹುಡುಗಿಯ ಡೈರಿ ಬಂತು. ತಂದೆತಾಯಿ ಇಲ್ಲೇ ಪುಣೆಯ ಹೊರಗೆ ಕಟ್ಟಡದ ಕೆಲಸದವರು. ಕೆಲಸ ಮುಗಿದಲ್ಲಿಂದ ಶೆಡ್ಡು ಎತ್ತಿ ಮುಂದಿನ ಕಟ್ಟಡಕ್ಕೆ ಹೋಗುವ ಸಂಸಾರ. ಈ ಹುಡುಗಿಗೆ ಓದಲು ಇರುವ ಜಾಗ ಹಾಸ್ಟೆಲಿನ ಆ ಒಂದು ಮಂಚ ಮಾತ್ರ. ಅವಳು ವಾರ ವಾರ ಬರೆದದ್ದು ಒಂದೇ: 'ಒಬ್ಬರಿಗೆ ಅಕ್ಷರ ಕಲಿಸುತ್ತಿದ್ದೇನೆ. ಕಲಿಸುತ್ತ ತಾಳ್ಮೆ ಕಲಿತೆ.'

"ಯಾರಿಗೆ?" ಎಂದೆ.

"ಹೇಳಂಗಿಲ್ರಿ ಮೇಡಂ. ಆಣಿ ಹಾಕಿಸ್ಕೊಂಡಾರ."

"ಹೆಸರು ಹೇಳದಿದ್ದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಜಾಗ ಇಲ್ಲ. ಗೊತ್ತಲ್ಲ?"

"ಗೊತ್ತದ್ರಿ." ಕಣ್ಣೊರೆಸಿಕೊಂಡು ಡೈರಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು. ಇದು ಕಟ್ಟುಕತೆ ಎಂದು ತೀರ್ಮಾನಿಸಿ ಆರು ಪುಟ ಸಹಿ ಇಲ್ಲದೆ ಇಟ್ಟುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಊಟದ ವಾರದ ಪಟ್ಟಿ ಬರೆಯುವವಳು ನಾನು. ನಮ್ಮ ಸಿಸ್ಟರ್‌ಗಳು ಹಾಕುತ್ತಿದ್ದ ಹಿತಮಿತದ ಊಟವನ್ನೇ ಮಾದರಿ ಇಟ್ಟುಕೊಂಡು, ಚೊಕ್ಕ ಕನ್ನಡದಲ್ಲಿ ಬರೆದು, ಅಡುಗೆಮನೆಯ ಬಾಗಿಲ ಒಳಬದಿಗೆ ಅಂಟಿಸುತ್ತೇನೆ. ನಾನು ಬಂದಾಗಿನಿಂದ ಇರುವ ಅಡುಗೆಯಾಕೆ "ಹೂಂ ರೀ ಅಕ್ಕಾರ" ಎನ್ನುತ್ತಾಳೆ. ನನ್ನ ಊಟ ನನ್ನ ಮನೆಯಲ್ಲಿ. ಆದರೆ ಇಪ್ಪತ್ತೆರಡು ವರ್ಷ ಹುಡುಗಿಯರು ಊಟವನ್ನು ಹೊಗಳಿದ್ದಾರೆ. ಆ ಹೊಗಳಿಕೆಯನ್ನು ಪಟ್ಟಿ ಬರೆದವಳಾಗಿ ನಾನು ಸ್ವೀಕರಿಸಿದ್ದೇನೆ.

ಒಂದು ಬುಧವಾರ ಹುಡುಗಿಯರ ದಂಡೇ ನನ್ನ ಬಾಗಿಲಿಗೆ ಬಂತು. "ಮೇಡಂ, ಅಡುಗೆಯವರನ್ನ ಬದಲ ಮಾಡೀರೇನ್ರಿ? ಮೂರು ದಿನ ಆತು, ಬರೀ ಬೇಯಿಸಿದ ಎಲೆಕೋಸು, ಗಂಜೀರಿ. ಖಾರಿಲ್ಲ, ಒಗ್ಗರಣಿ ಇಲ್ಲ. ಭಾಳ ಕೆಟ್ಟ ಅದ."

ಅಡುಗೆಮನೆಗೆ ಹೋದೆ. ಅಡುಗೆಯಾಕೆ ಬಾಗಿಲ ಮುಂದೆ ನಿಂತು, ನನ್ನ ಪಟ್ಟಿಯ ಮೇಲೆ ಬೆರಳಿಟ್ಟು, "ಬೇ... ಯಿ... ಸಿ... ದ..." ಎಂದು ಓದುತ್ತಿದ್ದಳು. ನನ್ನನ್ನು ಕಂಡು ಕಾಲಿಗೇ ಬಿದ್ದಳು. "ಓದಾಕ ಬರತದ ಅಂತ ಸುಳ್ಳು ಹೇಳಿ ಕೆಲಸಕ್ಕ ಸೇರಿದ್ದೆರಿ ಅಕ್ಕಾರ. ಆ ಯಾದಗಿರಿ ಹುಡುಗಿ ಈಗ ಕಲಿಸ್ಯಾಳ. ಕೆಲಸದಿಂದ ತೆಗೀಬ್ಯಾಡ್ರಿ."

ಅವಳನ್ನು ಎಬ್ಬಿಸಿದೆ. ಹುಡುಗಿಯ ಬಳಿ ಹೋಗಿ, ನಿನ್ನನ್ನು ಸುಳ್ಳಿ ಎಂದುಕೊಂಡಿದ್ದೆ, ತಪ್ಪಾಯಿತು ಎಂದೆ. ಕಲಿತವಳು ನಮ್ಮ ಅಡುಗೆಯಾಕೆ ಎಂದು ಬರೆದು ಆರೂ ಪುಟಕ್ಕೆ ಸಹಿ ಹಾಕಿ ಕಾಲೇಜಿಗೆ ಕಳಿಸಿದೆ.

ಡೈರಿ ವಾಪಸು ಬಂತು. ಪುಟಕ್ಕೆ ಅಡ್ಡಲಾಗಿ ಕೆಂಪು ಶಾಯಿಯಲ್ಲಿ 'ಸುಳ್ಳು' ಎಂದು ಬರೆದಿತ್ತು. ಸಂಯೋಜಕರ ವಾದ ಇಷ್ಟು: ಹಾಸ್ಟೆಲಿನ ಇಪ್ಪತ್ತೆರಡು ವರ್ಷಗಳ ವಾರ್ಷಿಕ ವರದಿಗಳಲ್ಲೂ 'ಅಡುಗೆಯವರು ನನ್ನ ಲಿಖಿತ ಪಟ್ಟಿಯನ್ನು ಅಕ್ಷರಶಃ ಪಾಲಿಸುತ್ತಾರೆ' ಎಂದು ರೆಕ್ಟರೇ ಬರೆದಿದ್ದಾರೆ. ಓದು ಬಲ್ಲವರಿಗೆ ಅಕ್ಷರ ಕಲಿಸಿದೆ ಎನ್ನುವವಳು ಸುಳ್ಳಿ. ಜಾಗ ಇಲ್ಲ.

ಮರುದಿನ ಹುಡುಗಿಯನ್ನೂ ಅಡುಗೆಯಾಕೆಯನ್ನೂ ಕರೆದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದೆ. ಸಂಯೋಜಕರೂ ಇದ್ದರು. ನಿಂತುಕೊಂಡೇ ಹೇಳಿದೆ: "ಆ ವರದಿಗಳು ತಪ್ಪು. ನನ್ನ ಪಟ್ಟಿಯನ್ನು ಇಷ್ಟು ವರ್ಷ ಒಬ್ಬರೂ ಓದಿಲ್ಲ. ಈಗ ಈಕೆ ಓದುತ್ತಾಳೆ, ಕೇಳಿ."

ಪಟ್ಟಿಯನ್ನು ಅಡುಗೆಯಾಕೆಯ ಕೈಗೆ ಕೊಟ್ಟೆ. ಅವಳು ಬೆರಳಿಟ್ಟು ಓದಿದಳು. ಸೋಮವಾರ, ಬೇಯಿಸಿದ ಎಲೆಕೋಸು. ಮಂಗಳವಾರ, ಗಂಜಿ. ಬುಧವಾರ, ಬೇಯಿಸಿದ ಎಲೆಕೋಸು, ಮೆಣಸಿನಕಾಯಿ ನಿಷಿದ್ಧ. ಭಾನುವಾರದ ತನಕ ಒಂದಕ್ಷರ ತಪ್ಪಲಿಲ್ಲ. ಹುಡುಗಿ ಪಕ್ಕದಲ್ಲಿ ನಿಂತು ತುಟಿ ಆಡಿಸುತ್ತಿದ್ದಳು. ಓದಿ ಮುಗಿಸಿ ಅಡುಗೆಯಾಕೆ ನನ್ನ ಕಡೆ ತಿರುಗಿದಳು.

"ಇಪ್ಪತ್ತೆರಡ ವರ್ಷ ಇದನ್ನ ಬರದೀರೇನ್ರಿ ಅಕ್ಕಾರ? ಪುಣ್ಯಾಕ್ಕ ನನಗ ಓದಾಕ ಬರತಿದ್ದಿಲ್ಲ ನೋಡ್ರಿ. ಬಂದಿದ್ರ ಹಾಸ್ಟೆಲ್‌ನ್ಯಾಗ ಒಂದ ಹುಡುಗಿ ಉಳೀತಿದ್ದಿಲ್ಲ."

ಪ್ರಾಂಶುಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹುಡುಗಿಗೆ ಜಾಗ ಕೊಟ್ಟೆವು ಎಂದರು. ಸಂಯೋಜಕರು ನಕ್ಕು ನಕ್ಕು ಗೋಡೆ ಹಿಡಿದರು. ಆಮೇಲೆ ಕೆಂಪು ಅಕ್ಷರದ ಮೇಲೆ ಒಂದು ಗೀಟು ಎಳೆದು, "ಹೋಗ್ಲಿ ಬಿಡಿ ಮೇಡಂ, ಒಳ್ಳೇ ತಮಾಷೆ ಆಯ್ತು" ಎಂದರು.

ನನ್ನನ್ನು ನೋಡಿ ನಕ್ಕದ್ದಕ್ಕೆ ನನ್ನ ತಕರಾರಿಲ್ಲ. ಗೀಟಿನ ಕೆಳಗೆ ಆ ಪದ ಈಗಲೂ ಓದಲು ಬರುತ್ತದೆ. ಸಂಯೋಜಕರು ಆ ಹುಡುಗಿಯ ಕ್ಷಮೆ ಕೇಳಬೇಕು, ಲಿಖಿತವಾಗಿ, ಸಹಿ ಹಾಕಿ.